ಇದ್ದಿಲು ಗುರ್ರೆಂದ ಭಾನುವಾರಗಳು

ಬೀದಿಯ ತುದಿಯಲ್ಲಿ ಆ ಹಳೇ ಬೈಕಿನ ಸದ್ದು ಕೇಳಿದರೆ ಸಾಕು, ಮನೆಯೊಳಗೆ ಎರಡು ಎದೆಗಳು ಒಟ್ಟಿಗೆ ಹೊಡೆದುಕೊಳ್ಳುತ್ತಿದ್ದವು. ಒಂದು, ಅಡುಗೆಮನೆ ಬಾಗಿಲಿಗೆ ಅಡ್ಡ ಹಾಕಿದ್ದ ಮರದ ಗೇಟಿನ ಹಿಂದೆ ನಿಂತ ಕರಿ ನಾಯಿ ಇದ್ದಿಲಿನದು. ಇನ್ನೊಂದು ಪುಟ್ಟಿಯದು. ನಾಯಿಯಾದರೋ ಗುರ್ರೆಂದು ಹಗುರಾಗುತ್ತಿತ್ತು. ಪುಟ್ಟಿಗೆ ಆ ಸೌಲಭ್ಯವಿರಲಿಲ್ಲ, ಸುಮ್ಮನೆ ಕೂದಲು ಸರಿಮಾಡಿಕೊಳ್ಳುತ್ತಿದ್ದಳು.

ಪುಟ್ಟಿ ಅನ್ನುವುದು ಅಜ್ಜಿ ಕರೆಯುವ ಹೆಸರು. ಬೇಕರಿಯಲ್ಲಿ ಅವಳು ಕೇಕಿನ ಮೇಲೆ ಹೆಸರು ಬರೆಯುವವಳು. ಊರ ಮಕ್ಕಳುಮರಿಗಳ ಹೆಸರನ್ನೆಲ್ಲ ಕ್ರೀಮಿನಲ್ಲಿ ಬರೆದೂ ಬರೆದೂ ಅವಳ ಕೈ ಎಷ್ಟು ಪಳಗಿತ್ತೆಂದರೆ, ಪಕ್ಕದಲ್ಲೇ ತಟ್ಟೆ ಬಿದ್ದು ಒಡೆದರೂ ಒಂದು ಸುಳಿ ತಪ್ಪುತ್ತಿರಲಿಲ್ಲ. ಅಂಥ ಕೈ ಈಚೆಗೆ ಭಾನುವಾರ ಬಂತೆಂದರೆ ನಡುಗುತ್ತಿತ್ತು.

ಎಲ್ಲ ಶುರುವಾದದ್ದು ಒಂದು ಎಡವಟ್ಟಿನಿಂದ. ಬೀದಿಯಲ್ಲಿ ಸಿಕ್ಕ ನಾಯಿಗಳಿಗೆ ಆಶ್ರಯ ನಡೆಸುವ ಡಾಕ್ಟರಮ್ಮ ಕೇಕ್ ಒಯ್ಯಲು ಬಂದವರು, "ಒಂದು ನಾಯಿಗೆ ಸ್ವಲ್ಪ ದಿನ ಮನೇಲಿ ಜಾಗ ಕೊಡ್ತೀಯೇನಮ್ಮ? ಮನೇಲಿರೋದು ಕಲಿತರೆ ಯಾರಾದ್ರೂ ಸಾಕ್ಕೋತಾರೆ" ಎಂದು ಕೇಳಿದ್ದರು. ಪುಟ್ಟಿ ಹಿಂದುಮುಂದು ನೋಡದೆ ಹೂಂ ಅಂದುಬಿಟ್ಟಿದ್ದಳು. ಮನೆಯಲ್ಲಿ ಆಗಲೇ ಹತ್ತಿ ಇತ್ತು. ಅವಳ ಶಾಲೆಯ ದಿನಗಳಿಂದ ಇದ್ದ, ಒಂದು ಕಣ್ಣು ಮಂಜಾದ, ಬಿಳಿ ಮುದ್ದೆಯಂಥ ಮುದಿ ನಾಯಿ.

"ಹತ್ತಿ ಪಕ್ಕ ಕೆಂಡ ತಂದಿಡ್ತಿದೀಯ" ಎಂದಿದ್ದರು ಅಜ್ಜಿ.

ಆ ಭಾನುವಾರ ಬಾಗಿಲು ಬಡಿದ ಸದ್ದಾಗಿ ತೆರೆದರೆ, ಹೊರಗೆ ನಿಂತಿದ್ದವನು ಅವಳತ್ತ ಮುಖವನ್ನೂ ತಿರುಗಿಸಲಿಲ್ಲ. ಪಕ್ಕದ ಗೋಡೆ ನೋಡುತ್ತ, ಬಹಳ ಮೆತ್ತಗೆ, "ಹೆದರ್ಕೋಬೇಡ ಚಿನ್ನ, ನಾನಿದ್ದೀನಲ್ಲ" ಅಂದ.

"ಯಾರ್ರೀ ಚಿನ್ನ?" ಪುಟ್ಟಿ ಬಾಗಿಲನ್ನು ಅರ್ಧ ಮುಚ್ಚಿದಳು.

ಅವನ ಕಿವಿ ಕೆಂಪಾಯಿತು. "ಅಯ್ಯೋ, ನಿಮಗಲ್ಲ ಮೇಡಂ. ಇದಕ್ಕೆ."

ಅವನ ಮೊಣಕಾಲಿನ ಹಿಂದೆ ಒಂದು ದೊಡ್ಡ ಕರಿ ತಲೆ ಅಡಗಿತ್ತು. ಒಂದು ಕಿವಿ ಸೀಳಿತ್ತು. ಇದ್ದಿಲು ಪೊರಕೆ ಕಂಡರೆ ಹೆದರುತ್ತಿತ್ತು, ಕೊಡೆ ಕಂಡರೆ ಹೆದರುತ್ತಿತ್ತು, ಪಾತ್ರೆಯ ಮುಚ್ಚಳ ಬಿದ್ದರೆ ಮಂಚದಡಿ ಸೇರುತ್ತಿತ್ತು. ಹಿಡಿಯಲು ಹೋದವನೊಬ್ಬನ ಕೈಯನ್ನು ಒಮ್ಮೆ ಕಚ್ಚಿಯೂ ಇತ್ತು. ಇನ್ನೊಮ್ಮೆ ಕಚ್ಚಿದರೆ ಅದರ ಕಥೆ ಮುಗಿದಂತೆ ಎಂದು ಬಂದವನು ಮೊದಲ ದಿನವೇ ಹೇಳಿದ. ಡಾಕ್ಟರಮ್ಮ ಕಳಿಸಿದ್ದ ಅವನನ್ನು ಎಲ್ಲರೂ ನಾಯಿ ಮೇಷ್ಟ್ರು ಅನ್ನುತ್ತಿದ್ದರು. ನಾಯಿಗಳಿಗೆ ಪಾಠ ಹೇಳುವುದೇ ಅವನ ಕಸುಬು.

ಪ್ರತಿ ಭಾನುವಾರ ಹಳೇ ಬೈಕಲ್ಲಿ ಬರುತ್ತಿದ್ದ ಮೇಷ್ಟ್ರ ಪಾಠಕ್ಕೆ ಒಂದು ಕ್ರಮವಿತ್ತು. ಮೊದಲು ಎರಡೂ ನಾಯಿಗಳ ಹಾಸಿಗೆ ಬಟ್ಟೆ ಅದಲುಬದಲು ಮಾಡಿಸಿದ, ಮುಖ ನೋಡುವ ಮುಂಚೆ ವಾಸನೆಯ ಪರಿಚಯವಾಗಲಿ ಎಂದು. ಆಮೇಲೆ ವಾಕಿಂಗ್. ಇದ್ದಿಲನ್ನು ಹಿಡಿದು ಅವನು ರಸ್ತೆಯ ಈ ಬದಿ, ಹತ್ತಿಯನ್ನು ಹಿಡಿದು ಅವಳು ಆ ಬದಿ. ವಾರ ಕಳೆದಂತೆ ಸ್ವಲ್ಪ ಸ್ವಲ್ಪ ಹತ್ತಿರ. ಹತ್ತಿರವಾಗುತ್ತಿದ್ದದ್ದು ನಾಯಿಗಳು ಮಾತ್ರ ಎಂದು ಇಬ್ಬರೂ ನಂಬಿದಂತೆ ನಟಿಸುತ್ತಿದ್ದರು.

"ಹಗ್ಗ ಸಡಿಲ ಬಿಡಿ ಮೇಡಂ!" ಆ ಬದಿಯಿಂದ ಕೂಗುತ್ತಿದ್ದ. "ನಿಮ್ಮ ಕೈ ಹೆದರಿದ್ರೆ ಹಗ್ಗ ಹೆದರುತ್ತೆ. ಹಗ್ಗ ಹೆದರಿದ್ರೆ ನಾಯಿ ಹೆದರುತ್ತೆ."

"ನನಗೇನೂ ಭಯ ಇಲ್ಲ!"

"ಹತ್ತಿಗೆ ಹೇಳಿ ಅದನ್ನ. ಪಾಪ, ನಿಮ್ಮನ್ನ ನೋಡಿ ಬೆವರ್ತಿದೆ."

ಅವನ ನೋಟವೇ ವಿಚಿತ್ರ. ಯಾರನ್ನೂ ನೇರವಾಗಿ ನೋಡುತ್ತಿರಲಿಲ್ಲ. ಭುಜ ಓರೆಯಾಗಿಸಿ, ರೆಪ್ಪೆ ತಗ್ಗಿಸಿ, ಕಣ್ಣಂಚಿನಿಂದ ಒಂದು ಸಲ ಮುಟ್ಟಿ ಹಿಂದೆ ಸರಿಯುವ ನೋಟ. ಜಂಬ ಎಂದುಕೊಂಡಿದ್ದಳು. ಹೆದರಿದ ನಾಯಿಯನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಬಾರದು, ಅದೇ ಅಭ್ಯಾಸವಾಗಿಬಿಟ್ಟಿದೆ ಎಂದು ಅವನೇ ಒಮ್ಮೆ ಹೇಳಿದ. ಅಂದಿನಿಂದ ಅವಳು ಆ ಕಣ್ಣಂಚಿಗಾಗಿ ಕಾಯತೊಡಗಿದಳು. ಅದು ತನ್ನ ಕೆನ್ನೆಯ ಮೇಲೆ ಎಷ್ಟು ಹೊತ್ತು ನಿಲ್ಲುತ್ತದೆ ಎಂದು ನೋಡದೆಯೇ ಹೇಳಬಲ್ಲವಳಾದಳು.

ಒಂದು ಭಾನುವಾರ ಹೊರಡುವಾಗ ಅವನು ಹೇಳಿದ, "ಇವೆರಡೂ ಒಂದೇ ಕೋಣೇಲಿ ನಿದ್ದೆ ಮಾಡಿದ ದಿನ ನನ್ನ ಕೆಲಸ ಮುಗೀತು. ಆಮೇಲೆ ಬೇರೆ ನಾಯಿ, ಬೇರೆ ಮನೆ."

ಇದ್ದಿಲು ಮತ್ತು ಹತ್ತಿ ಆ ಬುಧವಾರವೇ ಒಂದೇ ಹಾಸಿಗೆಯಲ್ಲಿ ಮಲಗಿದವು. ಬೇಕರಿಯಿಂದ ಬಂದು ನೋಡಿದರೆ ಗೇಟು ತೆರೆದಿತ್ತು, ಕರಿ ಬೆನ್ನಿಗೆ ಬಿಳಿ ಮುದ್ದೆ ಒರಗಿ ಗೊರಕೆ ಹೊಡೆಯುತ್ತಿತ್ತು. ಪುಟ್ಟಿಗೆ ಖುಷಿಯಿಂದ ಕಣ್ಣು ತುಂಬಿತು. ಮರುಕ್ಷಣವೇ ಮೇಷ್ಟ್ರ ಮಾತು ನೆನಪಾಯಿತು. ಇನ್ನು ಅವನು ಬರುವುದಿಲ್ಲ.

ಭಾನುವಾರ ಬೈಕು ನಿಲ್ಲುವ ಮುಂಚೆ ಅವಳು ಗೇಟು ಮುಚ್ಚಿದಳು. ಊಟದ ಬಟ್ಟಲನ್ನು ಗೇಟಿನ ಬುಡಕ್ಕೆ ತಂದಿಟ್ಟಳು. ಹತ್ತಿ ಅದಕ್ಕೆ ಮೂಗು ತೂರಿಸಲು ಬಂದಾಗ ಇದ್ದಿಲು ಹಳೇ ಚಾಳಿಯಂತೆ ಗುರ್ರೆಂದಿತು. ಅದೇ ಹೊತ್ತಿಗೆ ಮೇಷ್ಟ್ರು ಒಳಗೆ ಬಂದ.

"ಇನ್ನೂ ಆಗಿಲ್ವಾ?" ಅಂದ.

"ಇಲ್ಲ" ಅಂದಳು. ಮೊದಲ ಸುಳ್ಳು ಅಷ್ಟು ಸುಲಭವಾಗಿ ಬಾಯಿಗೆ ಬಂದದ್ದು ಕಂಡು ಅವಳಿಗೇ ಹೆದರಿಕೆಯಾಯಿತು. ತಪ್ಪಿತಸ್ಥ ಮನಸ್ಸಿನಿಂದ ಇದ್ದಿಲಿಗೊಂದು ಬಿಸ್ಕೆಟ್ ಕೊಟ್ಟಳು.

ಮುಂದಿನ ಭಾನುವಾರವೂ ಬಟ್ಟಲು, ಗುರ್, ಬಿಸ್ಕೆಟ್. ಅದರ ಮುಂದಿನ ವಾರ ಬಟ್ಟಲು ಇಡುವ ಅಗತ್ಯವೇ ಬೀಳಲಿಲ್ಲ. ಬೈಕಿನ ಸದ್ದು ಕೇಳಿದ್ದೇ ತಡ, ಇದ್ದಿಲು ಗೇಟಿಗೆ ಓಡಿ ಹಲ್ಲು ತೋರಿಸಿ ಗುರ್ರೆಂದು, ಅವಳ ಕೈ ನೋಡಿತು. ಆಗ ಪುಟ್ಟಿಗೆ ತಾನು ಮಾಡಿದ್ದೇನೆಂದು ಅರ್ಥವಾಯಿತು. ನಾಯಿ ಪಾಠ ಕಲಿತಿತ್ತು, ಅದೂ ಚೆನ್ನಾಗಿ ಕಲಿತಿತ್ತು. ಕಲಿಸಿದವಳು ಮಾತ್ರ ಮೇಷ್ಟ್ರಲ್ಲ.

"ಹೇಳಿಬಿಡೇ" ಎಂದರು ಅಜ್ಜಿ, ಅವನು ಹೋದ ಮೇಲೆ. "ನನಗೇನು ಕಣ್ಣು ಕಾಣಲ್ವಾ? ವಾರವೆಲ್ಲ ತಬ್ಕೊಂಡು ಮಲಗ್ತವೆ, ಭಾನುವಾರ ಬಂದ್ರೆ ದಾಯಾದಿಗಳು."

"ಮುಂದಿನ ವಾರ ಹೇಳ್ತೀನಿ ಅಜ್ಜಿ."

ಮುಂದಿನ ವಾರ ಅವನು ಬಂದಾಗ ಮುಖ ಕಳೆಗುಂದಿತ್ತು. ಇದ್ದಿಲಿನ ಗುರ್ ಕೇಳಿ ಇನ್ನಷ್ಟು ಬಾಡಿತು. ಬಾಗಿಲಲ್ಲೇ ನಿಂತು ಗೋಡೆ ನೋಡುತ್ತ ಹೇಳಿದ.

"ಆಶ್ರಯದಲ್ಲಿ ಜಾಗ ಇಲ್ಲ ಮೇಡಂ. ಮನೆಗೆ ಹೊಂದದ ನಾಯಿಗಳನ್ನ ಊರಾಚೆ ಪಂಜರಗಳಿಗೆ ಕಳಿಸ್ತಿದಾರೆ. ಒಂದೊಂದಕ್ಕೆ ಒಂದೊಂದು ಪಂಜರ. ಅಲ್ಲಿಗೆ ಹೋಗಿದ್ದು ವಾಪಸ್ ಬಂದಿದ್ದನ್ನ ನಾನು ನೋಡಿಲ್ಲ. ನಾಳೆ ಬೆಳಿಗ್ಗೆ ಡಾಕ್ಟರಮ್ಮ ವ್ಯಾನ್ ತರ್ತಾರೆ. ನೀವು ಹೇಳಿದ್ದನ್ನೇ ನಾನು ಅವರಿಗೆ ಹೇಳ್ತಾ ಬಂದೆ. ಸುಳ್ಳು ಹೇಳೋಕಾಗಲ್ಲವಲ್ಲ."

 ಪುಟ್ಟಿ ಈಗ ನಿಜ ಹೇಳಬೇಕಿತ್ತು. ಹೇಳಿದರೆ ಅವನ ಕಣ್ಣಂಚು ಕೂಡ ಇನ್ನು ತನ್ನತ್ತ ತಿರುಗುವುದಿಲ್ಲ ಎಂಬ ಭಯ ನಾಲಿಗೆಯನ್ನು ಕಟ್ಟಿತು. ಅವನು ಹೊರಟುಹೋದ.

ಬೈಕಿನ ಸದ್ದಿಗೆ ಗುರ್ ಅನ್ನುವುದನ್ನು ಇದ್ದಿಲಿಗೆ ಬಿಡಿಸಲು ಸಂಜೆಯಿಡೀ ಅವಳು ಪರದಾಡಿದಳು. ಪಕ್ಕದ ಮನೆಯವರ ಕಾಲು ಹಿಡಿಯುವುದೊಂದು ಬಾಕಿ, ಅವರ ಬೈಕನ್ನು ಬಾಗಿಲ ಮುಂದೆ ಸ್ಟಾರ್ಟ್ ಮಾಡಿಸಿದಳು. ಇದ್ದಿಲು ಆಕಳಿಸಿತು. ಲೋಕದ ಯಾವ ಬೈಕಿನ ಮೇಲೂ ಅದಕ್ಕೆ ಹಗೆಯಿರಲಿಲ್ಲ, ಅವನದೊಂದನ್ನು ಬಿಟ್ಟು. ಬೆಳಿಗ್ಗೆ ಎದ್ದು ಫೋನ್ ಮಾಡಿದಳು, ಬೈಕಲ್ಲಿ ಬರಬೇಡಿ ಎನ್ನಲು. ಅವನು ಎತ್ತಲಿಲ್ಲ. ಬೀದಿಯ ತುದಿಯಲ್ಲಿ ಅವನ ಬೈಕಿನ ಸದ್ದು ಆಗಲೇ ಕೇಳಿಸುತ್ತಿತ್ತು, ಅದರ ಹಿಂದೆ ವ್ಯಾನಿನದು.

ಇದ್ದಿಲು ಗೇಟಿಗೆ ಹಾರಿತು. ಮರ ಅಲುಗಾಡಿತು. ಎಂದೂ ಇಲ್ಲದಷ್ಟು ಜೋರಾಗಿ ಗುರುಗುಟ್ಟಿತು, ಪಾಪ, ಎಂದೂ ಇಲ್ಲದಷ್ಟು ಬಿಸ್ಕೆಟಿನ ಆಸೆಯಿಂದ.

ಡಾಕ್ಟರಮ್ಮ ಹೊಸ್ತಿಲಲ್ಲೇ ನಿಂತರು. ಕೈಯಲ್ಲಿ ನಾಯಿ ಕಚ್ಚದಂತೆ ಕಟ್ಟುವ ಬಾಯಿಪಟ್ಟಿ, ದಪ್ಪ ಹಗ್ಗ. "ಸಾಕು, ನೋಡಿದೆ" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಹೆಚ್ಚು ಹೆದರಿಸಿತು. "ಮನೇಲಿ ಮುದಿ ನಾಯಿ ಇದೆ, ವಯಸ್ಸಾದವರಿದ್ದಾರೆ. ಅಪಾಯ ಬೇಡ. ಗೇಟ್ ಹಿಡ್ಕೋಪ್ಪ."

ಮೇಷ್ಟ್ರು ಮುಂದೆ ಬಂದ. ಹಗ್ಗ ಕಂಡದ್ದೇ ಇದ್ದಿಲಿನ ಗುರ್ ನಿಂತುಹೋಯಿತು. ಬಾಲ ಹೊಟ್ಟೆಯಡಿ ಸೇರಿತು. ಅದು ಹಿಂದೆ ಹಿಂದೆ ಸರಿದು ಗೋಡೆಗಂಟಿ, ನಿಂತಲ್ಲೇ ಒದ್ದೆ ಮಾಡಿಕೊಂಡಿತು.

"ನಾನು ಸುಳ್ಳು ಹೇಳಿದೆ!" ಪುಟ್ಟಿ ಕಿರುಚಿದಳು. ಗೇಟಿಗೆ ಅಡ್ಡ ನಿಂತಳು. "ಅದು ಗುರ್ ಅನ್ನೋದು ನಾನು ಕಲಿಸಿದ್ದು. ಎರಡೂ ಯಾವತ್ತೋ ಒಂದಾಗಿವೆ, ಒಂದೇ ಹಾಸಿಗೇಲಿ ಮಲಗ್ತವೆ. ಇವರ ಬೈಕ್ ಸದ್ದಿಗೆ ಗುರ್ ಅಂದ್ರೆ ಬಿಸ್ಕೆಟ್ ಕೊಡ್ತಿದ್ದೆ. ಬೇಕಂತ ಶುರು ಮಾಡಿದ್ದಲ್ಲ, ಆಮೇಲೆ ನಿಲ್ಲಿಸೋಕಾಗಲಿಲ್ಲ."

"ಯಾಕೆ?" ಎಂದ ಮೇಷ್ಟ್ರು.

"ಕೆಲಸ ಮುಗಿದ್ರೆ ನೀವು ಬರಲ್ಲ ಅಂದ್ರಲ್ಲ."

 "ಅಬ್ಬ, ಬಾಯಿ ಬಿಟ್ಟಳು" ಎಂದರು ಅಜ್ಜಿ ಮೂಲೆಯಿಂದ.

ಡಾಕ್ಟರಮ್ಮ ಪ್ರೇಮಕ್ಕೆಲ್ಲ ಕರಗುವವರಲ್ಲ. "ಮಾತು ಯಾರು ಬೇಕಾದ್ರೂ ಆಡ್ತಾರೆ. ತೋರಿಸು" ಎಂದರು. ಮೇಷ್ಟ್ರು ಬೈಕ್ ತಳ್ಳಿಕೊಂಡು ಬೀದಿಯ ತುದಿಗೆ ಹೋದ. ಅಲ್ಲೇ ಬಿಟ್ಟು ನಡೆದು ಬಂದ. ಇದ್ದಿಲು ಅವನ ಹೆಜ್ಜೆ ಗುರುತಿಸಿ, ಗೋಡೆಯ ಬಳಿಯಿಂದಲೇ ಬಾಲದ ತುದಿಯನ್ನಷ್ಟೇ ಅಲ್ಲಾಡಿಸಿತು.

"ಇದೊಂದು ಆಯ್ತು. ಈಗ ಬಟ್ಟಲು ಇಟ್ಟು ಗೇಟ್ ತೆಗಿ" ಎಂದರು ಡಾಕ್ಟರಮ್ಮ.

ಪುಟ್ಟಿ ಇದ್ದಿಲಿನ ಮುಂದೆ ಅನ್ನದ ಬಟ್ಟಲು ಇಟ್ಟಳು. ಬೇರೆ ದಿನವಾಗಿದ್ದರೆ ಗೇಟನ್ನು ಕಣ್ಣು ಮುಚ್ಚಿ ತೆಗೆಯುತ್ತಿದ್ದಳು. ಇವತ್ತು ಅದು ಹೆದರಿ ನಡುಗುತ್ತಿರುವ ನಾಯಿ. ಹೆದರಿದ ನಾಯಿಯೇ ಕಚ್ಚುವುದು. ಒಂದು ಹಲ್ಲು ತಾಗಿದರೂ ಹತ್ತಿ ಉಳಿಯುವುದಿಲ್ಲ, ಹತ್ತಿ ಹೋದರೆ ಇದ್ದಿಲೂ ಉಳಿಯುವುದಿಲ್ಲ. ಎರಡನ್ನೂ ಒಟ್ಟಿಗೆ ಪಣಕ್ಕಿಟ್ಟವಳು ತಾನೇ. ಇದ್ದಿಲಿನ ಕೊರಳಿಗೆ ಹಗ್ಗ ಹಾಕುವಾಗ ಕೈ ಗಡಗಡ ನಡುಗಿತು.

"ಹಗ್ಗ ಸಡಿಲ ಬಿಡಿ" ಎಂದ ಮೇಷ್ಟ್ರು, ತೀರ ಹತ್ತಿರದಿಂದ, ಮೆಲ್ಲಗೆ. "ಮೇಡಂ, ಉಸಿರಾಡಿ."

ಅವಳು ಉಸಿರಾಡಿದಳು. ಕ್ರೀಮಿನ ಕೊಳವೆ ಹಿಡಿಯುವಂತೆ ಬೆರಳು ಹಗುರ ಮಾಡಿದಳು. ಹಗ್ಗ ಜೋತುಬಿತ್ತು. ಇನ್ನೊಂದು ಕೈಯಿಂದ ಗೇಟು ತೆರೆದಿಟ್ಟಳು.

ಹತ್ತಿಗೆ ಇದ್ಯಾವುದರ ಪರಿವೆಯೂ ಇರಲಿಲ್ಲ. ಅನ್ನದ ವಾಸನೆ ಹಿಡಿದು ತೂರಾಡುತ್ತ ಬಂತು. ಮಂಜುಗಣ್ಣಿನ ಕಡೆಯಿಂದ ಇದ್ದಿಲಿನ ಕಾಲಿಗೆ ಡಿಕ್ಕಿ ಹೊಡೆಯಿತು. ಸಾಲದ್ದಕ್ಕೆ, ಅದರ ಬಟ್ಟಲಿಗೇ ಬಾಯಿ ಹಾಕಿತು. ಇದ್ದಿಲಿನ ಮೈ ಸೆಟೆಯಿತು. ತುಟಿ ಒಂದು ಬದಿ ಮೇಲೆದ್ದು ಹಲ್ಲು ಕಂಡಿತು. ಡಾಕ್ಟರಮ್ಮನ ಕೈ ಬಾಯಿಪಟ್ಟಿಯ ಮೇಲೆ ಹೋಯಿತು. ಪುಟ್ಟಿ ಹಗ್ಗ ಎಳೆಯಲಿಲ್ಲ. ಎಳೆಯದಿರುವುದು ಅವಳು ಹುಟ್ಟಿದಾಗಿನಿಂದ ಮಾಡಿದ ಅತಿ ಕಷ್ಟದ ಕೆಲಸವಾಗಿತ್ತು.

ಇದ್ದಿಲು ಒಂದು ದೀರ್ಘ ನಿಟ್ಟುಸಿರು ಬಿಟ್ಟಿತು. ಒಂದು ಹೆಜ್ಜೆ ಹಿಂದೆ ಸರಿದು ನೆಲಕ್ಕೆ ಮೈಚೆಲ್ಲಿತು. ಹತ್ತಿ ಬಟ್ಟಲು ಖಾಲಿ ಮಾಡುವ ತನಕ ಕಾದು, ಅದರ ಮಂಜುಗಣ್ಣನ್ನು ನಿಧಾನವಾಗಿ ನೆಕ್ಕಿತು.

"ನಾಯಿಗೆ ಬುದ್ಧಿ ಇದೆ" ಎಂದರು ಡಾಕ್ಟರಮ್ಮ, ಬಾಯಿಪಟ್ಟಿಯನ್ನು ಚೀಲಕ್ಕೆ ತುರುಕುತ್ತ. "ನಿಮ್ಮಿಬ್ಬರದೇ ಅನುಮಾನ. ಇದಕ್ಕೆ ಮನೆ ಹುಡುಕ್ತೀನಿ."

"ಹುಡುಕೋದೇನು? ಅದು ಹುಡುಕ್ಕೊಂಡಾಯ್ತು" ಎಂದು ಅಜ್ಜಿ ನೆಲ ಒರೆಸುವ ಬಟ್ಟೆ ತರಲು ಎದ್ದರು. ವ್ಯಾನ್ ಖಾಲಿಯಾಗಿಯೇ ಹೋಯಿತು.

ಮೇಷ್ಟ್ರು ಹೊರಗಿನ ಮೆಟ್ಟಿಲ ಮೇಲೆ ಕುಳಿತಿದ್ದ. ಪುಟ್ಟಿ ಒಂದು ಮೆಟ್ಟಿಲು ಬಿಟ್ಟು ಕುಳಿತಳು. ಭಯ ಇನ್ನೂ ಹೋಗಿರಲಿಲ್ಲ, ಜಾಗ ಬದಲಿಸಿತ್ತು ಅಷ್ಟೇ.

"ಬೈಯಿರಿ" ಅಂದಳು. "ಕರ್ಕೊಂಡು ಹೋಗಿದ್ರೆ ನನ್ನಿಂದ ಅದರ ಜೀವನ ಹಾಳಾಗ್ತಿತ್ತು."

"ನಿಮ್ಮೊಬ್ಬರಿಂದ ಅಲ್ಲ." ಅವನು ತನ್ನ ಪ್ಯಾಂಟಿನಿಂದ ಹತ್ತಿಯ ಒಂದು ಬಿಳಿ ಕೂದಲು ತೆಗೆದು ಬೆರಳಲ್ಲಿ ಹಿಡಿದ. "ಎರಡು ವಾರದ ಹಿಂದೆ ಇದ್ದಿಲು ಬೆನ್ನ ಮೇಲೆಲ್ಲ ಇದು ಅಂಟಿತ್ತು. ನಾಯಿ ಮೇಷ್ಟ್ರಿಗೆ ಅರ್ಥ ಆಗಲ್ವಾ? ಅಜ್ಜಿ ಶಾಲಿನ ಉಣ್ಣೆ ಇರಬೇಕು ಅಂತ ನನಗೆ ನಾನೇ ಹೇಳ್ಕೊಂಡೆ. ಕೆಲಸ ಮುಗಿದ್ರೆ ನನಗೂ ಇಲ್ಲಿಗೆ ಬರೋಕೆ ನೆಪ ಇರಲಿಲ್ಲ."

ಅವಳು ಆ ಕೂದಲನ್ನು ನೋಡಿದಳು. ಮಡಿಲಲ್ಲಿದ್ದ ಕೈ ಮತ್ತೆ ನಡುಗುತ್ತಿತ್ತು.

"ಬೈಕ್ ಸದ್ದಿನ ಚಟ ಬಿಡಿಸೋಕೆ ಎಷ್ಟು ದಿನ ಬೇಕು?" ಎಂದು ಕೇಳಿದಳು.

"ಗೊತ್ತಿಲ್ಲ. ಅಲ್ಲೀವರೆಗೂ ನಡ್ಕೊಂಡೇ ಬರ್ತೀನಿ. ದಿನಾ."

ಅವನ ಕೈ ಬಂದು ಅವಳ ನಡುಗುವ ಕೈಯ ಮೇಲೆ ಕೂತಿತು. ಬಿಸ್ಕೆಟ್ ಪುಡಿ ಅಂಟಿದ ಒರಟು ಕೈ.

"ಹೆದರ್ಕೋಬೇಡ ಚಿನ್ನ, ನಾನಿದ್ದೀನಲ್ಲ" ಅಂದ.

ಪುಟ್ಟಿ ತಿರುಗಿ ಬಾಗಿಲ ಕಡೆ ನೋಡಿದಳು. ಒಳಗೆ ಇದ್ದಿಲೂ ಹತ್ತಿಯೂ ಒಂದರ ಮೇಲೊಂದು ಬಿದ್ದು ನಿದ್ದೆ ಹೋಗಿದ್ದವು. ಹತ್ತಿರದಲ್ಲಿ ಹೆದರಿದ ನಾಯಿ ಯಾವುದೂ ಇರಲಿಲ್ಲ. ಅವಳು ಮತ್ತೆ ಇತ್ತ ತಿರುಗಿದಾಗ ಅವನು ಗೋಡೆಯನ್ನು ನೋಡುತ್ತಿರಲಿಲ್ಲ. ಮೊದಲ ಸಲ ನೇರವಾಗಿ ಅವಳ ಕಣ್ಣನ್ನೇ ನೋಡುತ್ತಿದ್ದ.