ಹಿಂದಿನ ಪೈಪು ತಣ್ಣಗಿತ್ತು

"ಹಿಂಗೆ ನೋಡ್ತಾ ಕೂತ್ರೆ ನನ್ ಕೆಲಸ ಮುಗಿಯಲ್ಲ," ಎಂದಳು ರಿಸ್ತೆನ್, ತಲೆಯೆತ್ತದೆ.

"ನಾನು ಗಾಡಿ ನೋಡ್ತಿದೀನಿ," ಎಂದ ಇಸ್ಸಾತ್.

"ಗಾಡಿ ಈ ಕಡೆ ಇದೆ."

ಅವನು ನಕ್ಕ. ಮಗುಚಿದ ಬಕೆಟ್ಟಿನ ಮೇಲೆ ಕೂತಿದ್ದ. ಅವನ ಬೂಟಿನ ಹಿಮ ಕರಗಿ ಗ್ಯಾರೇಜಿನ ನೆಲದ ಮೇಲೆ ಹರಿದು ಅವಳ ಮೊಣಕಾಲ ತನಕ ಬಂದಿತ್ತು. ಅವಳು ಸರಿದು ಕೂರಲಿಲ್ಲ.

ದೂರದ ಉತ್ತರದ ಹಿಮನಾಡಿನ ಊರು ಕೌಟೊಕೈನೊದಲ್ಲಿ ಏಪ್ರಿಲ್ ಎಂದರೆ ಹಿಮ ಕಲ್ಲಾಗುವ ಕಾಲ. ಹಿಮದ ಮೇಲೆ ಓಡುವ ಗಾಡಿ ಈ ಸ್ನೋಮೊಬೈಲು; ಓಡುವಾಗ ಚಿಮ್ಮುವ ಪುಡಿಹಿಮವೇ ಅದರ ಎಂಜಿನ್ನನ್ನು ತಂಪಾಗಿಡಬೇಕು. ಆ ಪುಡಿಹಿಮ ಈಗ ಇಲ್ಲ. ಇಸ್ಸಾತ್ ಓಡಿಸುವುದೋ ಹಿಮಸಾರಂಗಗಳ ಹಿಂದೆ, ಅವು ನಡೆವ ವೇಗದಲ್ಲಿ, ತುಂಬಿದ ಜಾರುಬಂಡಿ ಕಟ್ಟಿಕೊಂಡು. ಮಂದೆಯನ್ನು ಬೇಸಿಗೆಯ ಮೇವಿಗೆ ಕರಾವಳಿಗೆ ಹೊಡೆದುಕೊಂಡು ಹೋಗುವ ಮುಂಚೆ ಫ್ಯಾನ್ ಇರುವ ಇನ್ನೊಂದು ರೇಡಿಯೇಟರ್ ಹಾಕಿಸಬೇಕೆಂದು ಬಂದಿದ್ದ.

ಅಪ್ಪನ ಕಣ್ಣು ಮಂಜಾದ ಮೇಲೆ ಗ್ಯಾರೇಜು ಈ ಚಳಿಗಾಲದಿಂದ ರಿಸ್ತೆನ್‌ಳದು. ಹುಡುಗಿಯ ಕೈಗೆ ಗಾಡಿ ಕೊಡುವುದೇ ಎಂದು ಊರು ಹಿಂದೆಮುಂದೆ ನೋಡುತ್ತಿದ್ದಾಗ ಮೊದಲು ಬಂದವನು ಇಸ್ಸಾತ್. ಆಮೇಲೆ ಅವನ ದೊಡ್ಡಪ್ಪ ಮಾಹ್ತೆ ಬಂದ, ಉಳಿದವರು ಬಂದರು.

ರೇಡಿಯೇಟರ್ ಕೂರಿಸಿ, ಹೊಸ ಪೈಪು ಜೋಡಿಸಿ, ಎಂಜಿನ್ನಿನ ಶಾಖ ಹೊತ್ತೊಯ್ಯುವ ಕೂಲಂಟ್ ದ್ರವ ತುಂಬಿದ್ದಾಗಿತ್ತು. ಉಳಿದದ್ದು ಒಳಗೆ ಸಿಕ್ಕಿಕೊಂಡ ಗಾಳಿಯನ್ನು ಹೊರಗೆ ತೆಗೆಯುವುದು. ಗಾಡಿಯ ಮೂತಿ ಎತ್ತಿ ನಿಲ್ಲಿಸಿ, ಎಂಜಿನ್ ಮೇಲಿನ ಪುಟ್ಟ ಸ್ಕ್ರೂ ಸಡಿಲಿಸಿ, ಎಂಜಿನ್ ಚಾಲೂ ಇಟ್ಟು ಕಾಯಬೇಕು. ಗುಳ್ಳೆಗಳು ನಿಂತು ಕೂಲಂಟ್ ಒಂದೇ ಧಾರೆಯಾಗಿ ಬರಬೇಕು. ಕೊನೆಗೆ ಗಾಡಿಯ ಹಿಂಬದಿಗೆ ಕೂಲಂಟ್ ಒಯ್ಯುವ ಹಿಂದಿನ ಪೈಪು ಮುಟ್ಟಿ ನೋಡಬೇಕು. ಅದು ಬಿಸಿಯಾಗಿದ್ದರೆ ಮಾತ್ರ ಕೆಲಸ ಮುಗಿದ ಹಾಗೆ. ಅವಸರ ಮಾಡಿದರೆ ಕೆಟ್ಟಿತು.

ಸ್ಕ್ರೂನಿಂದ ಗುಳ್ಳೆಗಳು ಬರುತ್ತಿದ್ದವು. ಅವಳು ಬಾಗಿ ನೋಡುತ್ತಿದ್ದಳು. ಅವನೂ ಬಾಗಿದ.

"ಅಲ್ಲಾಡ್ಬೇಡ," ಎಂದ. "ರೆಪ್ಪೆ ಮೇಲೆ ಗ್ರೀಸ್ ಅಂಟಿದೆ."

ಹೆಬ್ಬೆರಳಿನಿಂದ ಮೆಲ್ಲಗೆ ಒರೆಸಿದ. ಅಷ್ಟೇ. ಕೆಲಸ ಮಾಡಿ ಒರಟಾದ ಬೆರಳು, ಆದರೆ ಮುಟ್ಟಿದ್ದು ಗರಿ ತಾಗಿದ ಹಾಗಿತ್ತು. ರಿಸ್ತೆನ್‌ಳ ಕಿವಿಯ ತನಕ ಬಿಸಿಯೇರಿತು. ಇನ್ನೊಂದು ನಿಮಿಷ ಅವನು ಇಷ್ಟು ಹತ್ತಿರ ನಿಂತರೆ ತನ್ನ ಮುಖವೇ ಎಲ್ಲ ಹೇಳಿಬಿಡುತ್ತದೆ ಅನ್ನಿಸಿತು. ಸ್ಕ್ರೂ ಬಿಗಿದಳು.

"ಆಯ್ತು. ತಗೊಂಡು ಹೋಗು."

ಅವನ ನಗು ಇಳಿಯಿತು. "ಗಾಳಿ ಎಲ್ಲಾ ಹೋಯ್ತಾ?"

"ಹೋಯ್ತು ಅಂದ್ನಲ್ಲ. ಹೋಗು ನೀನು."

ಅವನು ಹೋದ. ಹಿಂದಿನ ಪೈಪನ್ನು ಅವಳು ಮುಟ್ಟಿಯೇ ಇರಲಿಲ್ಲ.

ಮೂರನೆಯ ದಿನ ಸುದ್ದಿ ಬಂತು. ಗುಡ್ಡದಾಚೆ ಇಸ್ಸಾತ್‌ನ ಎಂಜಿನ್ ಕಾದು ಬಿಗಿದು ನಿಂತುಹೋಗಿ, ಅವನು ಗಾಳಿಗೆದುರಾಗಿ ಹದಿನಾರು ಕಿಲೋಮೀಟರ್ ನಡೆದು ಬಂದಿದ್ದ. ಎಡಗೆನ್ನೆ ಚಳಿಗೆ ಸುಟ್ಟಿತ್ತು. ಮೂರು ಮನೆಯವರು ವಾರವೆಲ್ಲ ಕಷ್ಟಪಟ್ಟು ಕೂಡಿಸಿದ್ದ ಮಂದೆ, ಹಿಂದೆ ಯಾರೂ ಇಲ್ಲವೆಂದು ಚದುರಿ ಕಾಡಿಗೆ ಮರಳಿತ್ತು.

ಅಂಗಡಿಯ ಕಾಫಿ ಮೇಜಿನ ಬಳಿ ಮಾಹ್ತೆ ಗುಡುಗುತ್ತಿದ್ದ. "ಹಿಮ ಇಲ್ಲದ ಸರೋವರದ ಮೇಲೆ ಓಡಿಸಿದಾನಂತೆ! ಆರು ವರ್ಷದ ಮಗುಗೂ ಗೊತ್ತು, ಬರೀ ಮಂಜುಗಡ್ಡೆ ಮೇಲೆ ಎಂಜಿನ್ ಬೇಯುತ್ತೆ ಅಂತ. ಹೊಸ ರೇಡಿಯೇಟರ್ ಬಂತಲ್ಲ, ಸಾಹೇಬರಿಗೆ ಪೊಗರು!"

"ನಂದೇ ತಪ್ಪು ದೊಡ್ಡಪ್ಪ," ಎಂದ ಇಸ್ಸಾತ್. ಕೆನ್ನೆಗೆ ಬ್ಯಾಂಡೇಜು ಸುತ್ತಿತ್ತು.

"ನಿಂದಲ್ದೆ ಇನ್ಯಾರ್ದು? ಪಾಪ, ಈ ಹುಡುಗಿ ಅಷ್ಟು ಚೆನ್ನಾಗಿ ಮಾಡಿಕೊಟ್ಟಿದ್ಲು." ಮಾಹ್ತೆ ಬಾಗಿಲಲ್ಲಿ ನಿಂತಿದ್ದ ರಿಸ್ತೆನ್‌ಳತ್ತ ಗದ್ದವೆತ್ತಿದ. "ಬಾಮ್ಮ, ಕಾಫಿ ಕುಡಿ. ನಿನ್ ಶ್ರಮ ಎಲ್ಲಾ ಹಾಳು ಮಾಡ್ದ ನೋಡು."

ಎಲ್ಲರೂ ನಕ್ಕರು. ಇಸ್ಸಾತ್ ಅವಳ ಕಡೆ ನೋಡಲಿಲ್ಲ. ಅವಳು ಒಳಗೆ ಬಂದು ಕೂತಳು. ಕಾಫಿ ಕುಡಿದಳು. ಯಾಕೆ ಕುಡಿದೆನೋ ಎಂದು ಆಮೇಲೆ ಎಷ್ಟೋ ದಿನ ತನ್ನನ್ನೇ ಬೈದುಕೊಂಡಳು.

ಮಧ್ಯಾಹ್ನ ಗಾಡಿಯನ್ನು ಎಳೆದು ತಂದು ಗ್ಯಾರೇಜಿಗೆ ಹಾಕಿದರು. ಬಿಚ್ಚಿ ನೋಡಿದಳು. ಪಿಸ್ಟನ್ ಉಜ್ಜಿ ಹಾಳಾಗಿತ್ತು. ಹಿಂದಿನ ಪೈಪಿನೊಳಗೆ ಕೂಲಂಟ್ ಹರಿದ ಗುರುತೇ ಇಲ್ಲ, ಒಣಗಿತ್ತು. ಅವಳೇ ಬಿಟ್ಟ ಗಾಳಿ ಅಲ್ಲಿ ಅಡ್ಡ ಕೂತು ದಾರಿ ಮುಚ್ಚಿತ್ತು.

ಆಮೇಲೆ ಸ್ಕ್ರೂ ನೋಡಿದಳು. ಅದರ ತಲೆಯ ಮೇಲೆ ಚಾಕುವಿನ ತುದಿಯ ಹೊಸ ಗೀರುಗಳು. ಅವಳು ಸ್ಕ್ರೂಡ್ರೈವರ್ ಬಿಟ್ಟರೆ ಇನ್ನೇನನ್ನೂ ಬಳಸಿರಲಿಲ್ಲ. ಎಂಜಿನ್ ನಿಂತ ಮೇಲೆ, ಆ ಗುಡ್ಡದ ಗಾಳಿಯಲ್ಲಿ, ಅವನು ಸ್ಕ್ರೂ ತೆಗೆದು ನೋಡಿದ್ದ. ಕೂಲಂಟ್ ಬರಬೇಕಾದಲ್ಲಿ ಬುಸ್ಸೆಂದು ಗಾಳಿ ಬಂದಿರಬೇಕು.

ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಊರೆಲ್ಲ ನಗುವಾಗ ತಪ್ಪು ತನ್ನದೆಂದು ಹೇಳಿದ್ದ.

ರಿಸ್ತೆನ್ ಸ್ಕ್ರೂ ಹಿಡಿದುಕೊಂಡು ನೆಲದ ಮೇಲೆ ಕೂತಳು. ಬಾಗಿಲ ಬಳಿ ಅಪ್ಪ ಬಂದು ನಿಂತಿದ್ದರು. ಕಣ್ಣು ಸರಿಯಾಗಿ ಕಾಣದಿದ್ದರೂ ಸದ್ದಿನಲ್ಲೇ ಎಲ್ಲ ತಿಳಿಯುತ್ತಿತ್ತು ಅವರಿಗೆ.

"ಗಾಳಿ ಉಳಿದಿತ್ತಾ?"

"ಹೂಂ ಅಪ್ಪ."

"ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು."

ಅಪ್ಪ ತಿರುಗಿ ಒಳಗೆ ಹೋದರು. ಬೈದಿದ್ದರೆ ಚೆನ್ನಾಗಿತ್ತು.

ಮರುದಿನ ಮಧ್ಯಾಹ್ನ ಚದುರಿದ ಸಾರಂಗಗಳನ್ನು ಮತ್ತೆ ಬೇಲಿಯೊಳಗೆ ಕೂಡಿಸುತ್ತಿದ್ದ ಕಡೆಗೆ ಅವಳು ಹೋದಳು. ಎಲ್ಲರೂ ಬೆಂಕಿಯ ಸುತ್ತ ಕೂತು ಕಾಫಿಯಲ್ಲಿ ಚೀಸ್ ತುಂಡು ಮುಳುಗಿಸಿ ತಿನ್ನುತ್ತಿದ್ದರು. ಅವಳನ್ನು ಕಂಡ ಇಸ್ಸಾತ್ ಸರಕ್ಕನೆ ಎದ್ದ, ಬೇಡ ಎಂಬಂತೆ ತಲೆಯಾಡಿಸಿದ.

"ಮಾಹ್ತೆ ದೊಡ್ಡಪ್ಪ," ಎಂದಳು. "ಇಸ್ಸಾತ್ ಸರೋವರದ ಮೇಲೆ ಓಡಿಸ್ಲಿಲ್ಲ. ತಪ್ಪು ನಂದು. ಗಾಳಿ ಪೂರ್ತಿ ತೆಗೀಲಿಲ್ಲ ನಾನು. ಅವನು ಕೇಳ್ದಾಗ ತೆಗ್ದಿದೀನಿ ಅಂತ ಸುಳ್ಳು ಹೇಳ್ದೆ. ನಿಮ್ಮೆಲ್ರ ಒಂದು ವಾರದ ಕೆಲಸ ನನ್ನಿಂದ ಹಾಳಾಯ್ತು."

ಮಾಹ್ತೆ ಲೋಟ ಕೆಳಗಿಟ್ಟ.

"ನಿನ್ನೆ ನನ್ ಕಾಫಿ ಕುಡಿಯೋವಾಗ ಇದು ಗೊತ್ತಿತ್ತಾ?"

"ಗೊತ್ತಿತ್ತು."

"ನನ್ ಗಾಡಿ ನಿನ್ ಹತ್ರ ಇದೆ ಅಲ್ವಾ? ಸಂಜೆ ಬಂದು ತಗೊಂಡು ಹೋಗ್ತೀನಿ. ಬೇರೆ ಕಡೆ ತೋರಿಸ್ಕೋತೀನಿ."

"ಆಗ್ಲಿ ದೊಡ್ಡಪ್ಪ."

ತಿರುಗಿ ನಡೆದಳು. ಬೆನ್ನಿಗೆಲ್ಲ ಕಣ್ಣುಗಳು ಚುಚ್ಚುತ್ತಿದ್ದವು. ಬೇಲಿ ದಾಟಿದ ಮೇಲೆ ಹಿಂದಿನಿಂದ ಹಿಮ ಕರಕರ ಎಂದಿತು.

"ಬುದ್ಧಿ ಇದೆಯೇನೇ ನಿಂಗೆ?" ಇಸ್ಸಾತ್ ಏದುಸಿರು ಬಿಡುತ್ತಿದ್ದ. "ನಾನು ಹೇಳಿದ್ದು ಎಲ್ರೂ ನಂಬಿದ್ರು. ಎರಡು ವಾರ ನಕ್ಕು ಮರೀತಿದ್ರು. ಈಗ ನಿನ್ ಗ್ಯಾರೇಜಿಗೆ ಯಾರು ಬರ್ತಾರೆ?"

"ನಿನ್ ಕೆನ್ನೆ ಸುಟ್ಟಿರೋದು ನನ್ನಿಂದ. ಅದರ ಮೇಲೆ ನನ್ ಬದಲು ಬೈಗುಳ ಬೇರೆ ತಿಂತೀಯಾ? ನಾನು ಹೆಂಗೆ ಉಸಿರಾಡ್ಲಿ ಇಸ್ಸಾತ್?" ಅವಳು ಅವನ ಬೂಟುಗಳನ್ನೇ ನೋಡುತ್ತ ಹೇಳಿದಳು.

ಅವನು ಬೂಟಿನ ತುದಿಯಿಂದ ಹಿಮ ಕೆದಕಿದ.

"ಗುಳ್ಳೆ ಬರ್ತಾನೇ ಇತ್ತು," ಎಂದ ಕೊನೆಗೆ. "ನಾನೂ ನೋಡ್ದೆ."

"ಏನು?"

"ಹತ್ತು ವರ್ಷದಿಂದ ಗಾಡಿ ಓಡಿಸ್ತಿದೀನಿ, ಅಷ್ಟು ಗೊತ್ತಾಗಲ್ವಾ? ಇನ್ನೂ ಸ್ವಲ್ಪ ಹೊತ್ತು ಬಿಡು ಅನ್ಬೇಕಿತ್ತು. ಆದ್ರೆ ನಾನು ಮುಟ್ಟಿದ ತಕ್ಷಣ ನೀನು ಹೋಗು ಅಂದೆ. ಕೋಪ ಬಂತು ನಿಂಗೆ, ನಾನು ಅತಿಯಾಗಿ ಆಡ್ದೆ ಅಂದ್ಕೊಂಡೆ. ನಾಚಿಕೆ ಆಗೋಯ್ತು. ಅಲ್ಲಿಂದ ಓಡಿಹೋದ್ರೆ ಸಾಕಾಗಿತ್ತು. ಹದಿನಾರು ಕಿಲೋಮೀಟರೂ ಅದನ್ನೇ ಯೋಚಿಸ್ಕೊಂಡು ಬಂದೆ. ಎಂಜಿನ್ ಬಗ್ಗೆ ಅಲ್ಲ."

"ಕೋಪ ಬಂದಿರ್ಲಿಲ್ಲ," ಎಂದಳು ರಿಸ್ತೆನ್. ಇಷ್ಟು ಹೇಳಿದವಳಿಗೆ ಇನ್ನೊಂದು ಹೇಳುವುದೇನು ಕಷ್ಟ ಎಂದುಕೊಂಡರೂ ಇದೇ ಎಲ್ಲಕ್ಕಿಂತ ಕಷ್ಟವಾಯಿತು. "ಇನ್ನೊಂದು ನಿಮಿಷ ಇದ್ದಿದ್ರೆ ನಿನ್ ಕೈ ಹಿಡ್ಕೊಂಡು ಬಿಡ್ತಿದ್ದೆ. ಅದಕ್ಕೇ ಹೋಗು ಅಂದೆ."

ಅವನ ಬೂಟುಗಳು ಒಂದು ಹೆಜ್ಜೆ ಹತ್ತಿರ ಬಂದವು.

"ಪಿಸ್ಟನ್ ಬದಲಾಯಿಸಿ ಕೊಡ್ತೀನಿ," ಎಂದಳು ಗಡಬಡಿಸಿ. "ಬೇರೆಯವರ ಹತ್ರ ಹೋಗ್ತೀನಿ ಅಂದ್ರೂ ಬೇಜಾರಿಲ್ಲ."

"ನಿನ್ ಹತ್ರಾನೇ. ಗಾಳಿ ತೆಗೆಯೋಕೆ ಇಡೀ ದಿನ ಹಿಡಿದ್ರೂ ಪರವಾಗಿಲ್ಲ, ಕೂತಿರ್ತೀನಿ." ತಡೆದು ಹೇಳಿದ, "ಮಂದೆ ಕೂಡಿದ ಮೇಲೆ ಕರಾವಳಿಗೆ ಹೊರಡ್ತೀವಿ. ನೀನೂ ಬರ್ತೀಯಾ?"

"ಮೆಕ್ಯಾನಿಕ್ ಆಗಿಯಾ?"

"ಮೆಕ್ಯಾನಿಕ್ ಬೇಕಾದ್ರೆ ಬೇರೆ ಯಾರನ್ನಾದ್ರೂ ಕರೀತೀನಿ."

ಅವಳಿಗೆ ನಗು ಬಂತು, ಅದರ ಹಿಂದೆಯೇ ಅಳು ಬಂತು. "ಹದಿನೈದು ದಿನದ ದಾರಿ. ಮಾಹ್ತೆ ದೊಡ್ಡಪ್ಪ ಇರ್ತಾರೆ, ಎಲ್ರೂ ಇರ್ತಾರೆ. ನಾನು ಯಾವ ಮುಖ ಇಟ್ಕೊಂಡು ಬರ್ಲಿ? ಯಾರ ಮುಖ ನೋಡ್ಲಿ?"

"ಸದ್ಯಕ್ಕೆ ನಂದು ನೋಡು," ಎಂದ ಇಸ್ಸಾತ್. "ನಿನ್ನೆಯಿಂದ ನೋಡೇ ಇಲ್ಲ ನೀನು."

ರಿಸ್ತೆನ್ ನಿಧಾನವಾಗಿ ತಲೆಯೆತ್ತಿದಳು. ಬ್ಯಾಂಡೇಜಿನ ಅಂಚಿನಲ್ಲಿ ಚರ್ಮ ಕಪ್ಪಾಗಿ ಸುಲಿದಿತ್ತು. ನೋಡಲಾಗದೆ ಕಣ್ಣು ತಗ್ಗಿಸಿದಳು. ಮತ್ತೆ ಎತ್ತಿದಳು. ಅವನು ಸುಮ್ಮನೆ ನಿಂತಿದ್ದ, ಅವಸರವಿಲ್ಲದೆ. ಅವಳ ಕೆನ್ನೆ ಉರಿಯುತ್ತಿತ್ತು, ಕಣ್ಣು ತುಂಬಿ ಅವನ ಮುಖ ಕಲಸಿಹೋಗಿತ್ತು. ಆದರೂ ಈ ಸಲ ನೋಟ ಕದಲಿಸಲಿಲ್ಲ.