ಇಪ್ಪತ್ತಾರನೇ ಸಂಚಿಕೆಯ ಖಾಲಿ ಬಲೂನು

ಟೀವಿಯ ಮೇಲೆ ಹಳದಿ ಅಕ್ಷರಗಳಲ್ಲಿ ತನ್ನದೇ ಮಾತು ಮೂಡಿದ್ದನ್ನು ನೋಡಿ ವಸಂತಾ ಟೇಪು ನಿಲ್ಲಿಸಿಬಿಟ್ಟಳು.

ಪರದೆಯ ಮೇಲೆ ಜಪಾನಿನ ಯಾವುದೋ ಸಣ್ಣ ಊರಿನ ರೈಲ್ವೇ ಸ್ಟೇಷನ್ನು. ಪ್ಲಾಟ್‌ಫಾರ್ಮಿನಲ್ಲಿ ನಿಂತ ಕಾರ್ಟೂನ್ ಹುಡುಗಿ. ಅವಳ ಕಾಲ ಕೆಳಗೆ ಇಂಗ್ಲಿಷಿನಲ್ಲಿ ಹೀಗಿತ್ತು: ‘ನಿಮ್ಮೂರಿಗೆ ನಾನೇ ಬಂದರೆ ಕರೆದುಕೊಂಡು ಹೋಗಲು ಬರುತ್ತೀಯಾ? ಇಲ್ಲವಾದರೆ ಇಲ್ಲ ಅನ್ನು. ಕಾಯುವುದು ಸಾಕಾಗಿದೆ.’

ಅದು ಆ ಹುಡುಗಿಯ ಮಾತಲ್ಲ, ವಸಂತಾಳ ಮಾತು. ಒಬ್ಬನೇ ಒಬ್ಬ ಓದಲಿ ಎಂದು ಬರೆದದ್ದು. ಆ ಪುಣ್ಯಾತ್ಮ ಅದನ್ನು ಓದಿ, ಅಚ್ಚುಕಟ್ಟಾಗಿ ಸಬ್‌ಟೈಟಲ್ ಮಾಡಿ ಟಪಾಲಿನಲ್ಲಿ ಕಳಿಸಿದ್ದ.

‘ಅಯ್ಯೋ ನನ್ನ ಹಣೆಬರಹವೇ’ ಎಂದುಕೊಂಡು ಅವಳು ಸೋಫಾಕ್ಕೆ ಒರಗಿದಳು. ನಗು ಬರಬೇಕಿತ್ತು. ಬರಲಿಲ್ಲ.

ವಸಂತಾಳಿಗೆ ಮೂವತ್ತೆರಡು. ಮೈಸೂರಿನವಳು. ಮೊದಲು ಕಂಪನಿ ಅವಳನ್ನು ಎರಡು ವರ್ಷ ಒಸಾಕಾಗೆ ಕಳಿಸಿತ್ತು. ಅಲ್ಲಿ ಜಪಾನಿ ಕಲಿತಳು, ಒಂದು ತಮಾಷೆಯ ಪ್ರೇಮಕಥೆಯ ಮಾಂಗಾ, ಅಂದರೆ ಚಿತ್ರಕಥೆಯ ಪುಸ್ತಕ, ಹಿಡಿದಳು. ದಂತವೈದ್ಯರ ಕ್ಲಿನಿಕ್ಕಿನ ರಿಸೆಪ್ಷನಿಸ್ಟ್ ಹುಡುಗಿ, ಎದುರಂಗಡಿಯಲ್ಲಿ ಕೊಡೆ ರಿಪೇರಿ ಮಾಡುವ ಹುಡುಗ. ಅವನನ್ನು ನೋಡಲು ಹುಡುಗಿ ತನ್ನ ಕೊಡೆಯನ್ನು ತಾನೇ ಮುರಿಯುತ್ತಾಳೆ. ಹನ್ನೊಂದು ಪುಸ್ತಕ ಮುಗಿದರೂ ಇಬ್ಬರೂ ಬಾಯಿಬಿಡುವುದಿಲ್ಲ. ಆಮೇಲೆ ಅದೇ ಕಥೆ ಇಪ್ಪತ್ತಾರು ಸಂಚಿಕೆಗಳ ಕಾರ್ಟೂನಾಗಿ ಟೀವಿಯಲ್ಲೂ ಬಂತು.

ಈಗ ಅವಳು ಅಟ್ಲಾಂಟಾದ ಹತ್ತಿರ ಲಾರೆನ್ಸ್‌ವಿಲ್‌ನಲ್ಲಿದ್ದಳು. ೧೯೯೮. ಎರಡು ಸಾವಿರನೇ ಇಸವಿ ಬಂದರೆ ಕಂಪ್ಯೂಟರುಗಳೆಲ್ಲ ತಲೆಕೆಳಗಾಗುತ್ತವೆಂದು ಇಡೀ ದೇಶ ಗಾಬರಿಯಾಗಿತ್ತು. ವಸಂತಾ ದಿನಕ್ಕೆ ಹತ್ತು ತಾಸು ಕೂತು ಹಳೆಯ ಪ್ರೋಗ್ರಾಮುಗಳಲ್ಲಿ ಎರಡಂಕಿಯ ಇಸವಿಯನ್ನು ನಾಲ್ಕಂಕಿ ಮಾಡುತ್ತಿದ್ದಳು. ಕಣ್ಣು ಮುಚ್ಚಿದರೂ ಅಂಕಿಗಳೇ.

ಗುರುರಾಜ ಸಿಕ್ಕಿದ್ದು ಅಟ್ಲಾಂಟಾದ ಹೋಟೆಲೊಂದರಲ್ಲಿ, ಇಂಥ ಕಾರ್ಟೂನುಗಳ ಹುಚ್ಚರು ಸೇರಿದ್ದ ಸಭೆಯಲ್ಲಿ. ಧಾರವಾಡದವನು, ಅಲ್ಲಿಂದ ಆರು ತಾಸು ದೂರದ ರಾಲಿಯಲ್ಲಿ ಎಂಜಿನಿಯರು. ಅವಳ ಕೈಯಲ್ಲಿದ್ದ ಪುಸ್ತಕ ನೋಡಿ, “ಇದನ್ನ ನೀವು ಓದ್ತೀರೇನ್ರಿ? ನಾ ಬರೇ ಚಿತ್ರಾ ನೋಡಿ ನಗಾಂವ,” ಎಂದಿದ್ದ. ನಕ್ಕಾಗ ಅವನ ಎಡಗಣ್ಣು ಪೂರ್ತಿ ಮುಚ್ಚಿಹೋಗುತ್ತಿತ್ತು, ಬಲಗಣ್ಣು ಮಾತ್ರ ಅವಳನ್ನೇ ನೋಡುತ್ತಿತ್ತು. ಅವಳು ಆ ಕಣ್ಣನ್ನು ಮರೆಯಲಿಲ್ಲ.

ಅಲ್ಲಿಂದ ಒಂದೂವರೆ ವರ್ಷ ಅವರ ಸಂಸಾರವೆಲ್ಲ ಟಪಾಲಿನಲ್ಲೇ ನಡೆದಿತ್ತು. ಅವಳು ಒಂದೊಂದು ಸಂಚಿಕೆಯನ್ನೂ ಇಂಗ್ಲಿಷಿಗೆ ತಂದು ಕಳಿಸುವಳು. ಅವನಿಗೆ ಜಪಾನಿ ಬಾರದು. ಆದರೂ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಪ್ರತಿ ಮಾತು ಎಲ್ಲಿ ಶುರು, ಎಲ್ಲಿ ಮುಗಿಯಿತು ಎಂದು ಹುಡುಕಿ ಅಲ್ಲಿ ಅಕ್ಷರ ಕೂರಿಸುವನು. ಮೊದಲ ಟೇಪು ತಪ್ಪು ನೋಡಲು ಅವಳಿಗೆ. ಭಾನುವಾರ ಬೆಳಿಗ್ಗೆ ಫೋನಿನಲ್ಲಿ ತಿದ್ದುಪಡಿ. ಆಮೇಲೆ ಕಾರ್ಟೂನು ಹುಚ್ಚರ ಕ್ಲಬ್ಬಿನವರಿಗೆಲ್ಲ ಕಾಪಿ.

ಕೊನೆಯ ಸಂಚಿಕೆಯಲ್ಲಿ ಹುಡುಗಿ ಸ್ಟೇಷನ್ನಿನಲ್ಲಿ ನಿಂತು ಏನೋ ಹೇಳುತ್ತಾಳೆ. ತುಟಿ ಆಡುತ್ತದೆ, ಅಷ್ಟರಲ್ಲಿ ರೈಲು ಬಂದು ಸದ್ದು ಮುಚ್ಚಿಹಾಕುತ್ತದೆ. ಪುಸ್ತಕದಲ್ಲಾದರೂ ಇದೆಯೇ ಎಂದು ನೋಡಿದರೆ ಅಲ್ಲಿ ಅವಳ ಮಾತು ಬರೆಯಬೇಕಾದ ಬಲೂನು ಖಾಲಿ. ಬರೆದವನಿಗೂ ಕೊನೆಗೆ ಬೇಸತ್ತಿರಬೇಕು.

ಅವಳು ಆ ಸಂಚಿಕೆ ಅನುವಾದಿಸುತ್ತಿದ್ದ ವಾರವೇ, ಅವಳಿಗೆ ಕೆಲಸ ಕೊಡಿಸಿದ್ದ ಏಜೆನ್ಸಿಯ ವೇಣುಗೋಪಾಲ ಫೋನ್ ಮಾಡಿದ್ದ. “ಇಲ್ಲಿ ಪ್ರಾಜೆಕ್ಟ್ ಮುಗೀತಿದೆ ಮೇಡಮ್. ರಾಲಿಯಲ್ಲಿ ಒಂದು ಓಪನಿಂಗ್ ಇದೆ. ಬೇಡ ಅಂದ್ರೆ ವಾಪಸ್ ಇಂಡಿಯಾ. ಹತ್ತನೇ ತಾರೀಕು ಸೋಮವಾರ ಹೇಳ್ಬಿಡಿ.”

ರಾಲಿ. ಗುರುರಾಜನ ಊರು. ಅವನು ಬಾ ಎಂದರೆ ಹೋಗುವುದು, ಇಲ್ಲವಾದರೆ ಗಂಟುಮೂಟೆ ಕಟ್ಟುವುದು. ಬಾಯಿಬಿಟ್ಟು ಕೇಳಲು ಧೈರ್ಯ ಬರಲಿಲ್ಲ. ಹಾಗಾಗಿ ಅನುವಾದದಲ್ಲಿ ಆ ಖಾಲಿ ಬಲೂನಿನ ಜಾಗಕ್ಕೆ ತನ್ನ ಪ್ರಶ್ನೆಯನ್ನು ಬರೆದು ಕಳಿಸಿದ್ದಳು. ಅವನು ಅದನ್ನು ಕಾರ್ಟೂನ್ ಹುಡುಗಿಯ ಬಾಯಿಗೆ ಹಾಕಿ ವಾಪಸು ಕಳಿಸಿದ್ದ.

ಟೇಪು ನಿಲ್ಲಿಸಿದ ಮರುದಿನ, ಭಾನುವಾರ, ಫೋನ್ ಬಂತು.

“ಟೇಪ್ ನೋಡಿದ್ರೇನ್ರಿ?”

“ನೋಡಿದೆ.”

“ಪೂರಾ ನೋಡಿದ್ರಿ?” ಅವನ ದನಿ ಯಾಕೋ ಸಣ್ಣಗಿತ್ತು.

ಪೂರ್ತಿ ನೋಡಿರಲಿಲ್ಲ. ಮತ್ತೊಮ್ಮೆ ಹಾಕುವ ಮನಸ್ಸೂ ಇರಲಿಲ್ಲ. “ಪೂರ್ತಿ ನೋಡಿದೆ ಗುರುರಾಜ್. ಆ ಸ್ಟೇಷನ್ ಸೀನಿನ ಲೈನ್ ತೆಗೆದುಬಿಡಿ. ನಾನು ಬರೀಬಾರ್ದಿತ್ತು.”



“ತಗೀಲೇನ್ರಿ?”

“ತೆಗೀರಿ.”

“ಆತ್ರಿ,” ಎಂದ. ಎಂದಿನಂತೆ ಮಳೆ, ಊಟ, ಆಫೀಸು ಏನೂ ಕೇಳದೆ ಫೋನಿಟ್ಟ. ಬೇಸರವಾಗಬೇಕಾದವಳು ತಾನು, ಇವನಿಗೇನಾಯಿತು ಎಂದು ಅವಳಿಗೆ ಸಿಟ್ಟು ಬಂತು. ಸಿಟ್ಟಿನ ಹಿಂದೆಯೇ ಅಳು.

ಸೋಮವಾರ ವೇಣುಗೋಪಾಲನಿಗೆ ಹೇಳಿದಳು: “ವಾಪಸ್ ಹೋಗ್ತೀನಿ.” “ಸರಿ ಮೇಡಮ್, ಬುಧವಾರ ಪೇಪರ್ಸ್ ಫ್ಯಾಕ್ಸ್ ಮಾಡ್ತೀನಿ, ಸೈನ್ ಮಾಡಿ,” ಎಂದ.

ಮಂಗಳವಾರ ಸಂಜೆ ಕೆಲಸದಿಂದ ಬಂದು ಅವಳು ಇನ್ನೂ ಶೂ ಬಿಚ್ಚಿರಲಿಲ್ಲ.

“ಏ ವಸಂತವ್ವಾ, ಇಲ್ಲಿ ಬಾ. ಈ ಗೊಂಬಿ ಟೇಪಿನ್ಯಾಗ ಕನ್ನಡ ಬರದಾರಲ್ಲವಾ!”

ಕೂಗಿದ್ದು ಗೌರಾಬಾಯಿ, ಜೊತೆಯಲ್ಲಿ ಮನೆ ಹಂಚಿಕೊಂಡಿದ್ದ ಶ್ರೀದೇವಿಯ ತಾಯಿ. ಬಿಜಾಪುರದಿಂದ ಬಂದು ನಾಲ್ಕು ತಿಂಗಳಾಗಿತ್ತು. ಹಗಲೆಲ್ಲ ಮನೆಯಲ್ಲಿ ಒಬ್ಬರೇ. ಇಂಗ್ಲಿಷೂ ಬಾರದು, ಜಪಾನಿಯೂ ಬಾರದು. ಅದಕ್ಕೇ ಅವರಿಗೆ ಎಲ್ಲ ಟೇಪುಗಳೂ ಒಂದೇ. ವಿಸಿಆರಿನಲ್ಲಿ ಇದ್ದದ್ದನ್ನು ಕೊನೆಯ ತನಕ ಓಡಿಸಿ ನೋಡುತ್ತಿದ್ದರು.

“ಅಮ್ಮಾ, ಅದರಲ್ಲಿ ಕನ್ನಡ ಎಲ್ಲಿಂದ ಬರತ್ತೆ?”

“ನನಗ ಬರೂದು ಅದೊಂದಽ ಭಾಷಾ. ಅದನ್ನೂ ತಪ್ಪು ಓದ್ತೀನೇನು? ಹೆಸರು ಗಿಸರು ಎಲ್ಲಾ ಮುಗದ ಮ್ಯಾಲ ಬರ್ತೈತಿ, ನೋಡು.”

ಹಿಂದಕ್ಕೆ ಸುತ್ತಿ ಹಾಕಿದರು. ಹೆಸರುಗಳ ಸಾಲು ಮುಗಿಯಿತು. ಮಾಮೂಲಾಗಿ ಮುಂದಿನ ಸಂಚಿಕೆಯ ತುಣುಕು ಬರುತ್ತಿದ್ದ ಜಾಗ ಅದು. ಕೊನೆಯ ಸಂಚಿಕೆಗೆ ಮುಂದಿನದು ಎಲ್ಲಿಯದು, ಬರೀ ಕಪ್ಪು ಪರದೆ. ಆಮೇಲೆ ಹಳದಿ ಅಕ್ಷರ ಬಂತು. ಕನ್ನಡದ್ದೇ. ಅವನ ಕಂಪ್ಯೂಟರಿನಲ್ಲಿ ಕನ್ನಡವಿರಲಿಲ್ಲ. ಚುಕ್ಕಿ ಚುಕ್ಕಿ ಜೋಡಿಸಿ ಕೈಯಾರೆ ಬಿಡಿಸಿದ್ದ.

‘ಬರ್ರಿ. ನಾ ಬಂದು ನಿಂತಿರ್ತೀನಿ. ಇಲ್ಲ ಅನ್ನಾಕ ನನಗ ಬರಂಗಿಲ್ಲ.’

ವಸಂತಾ ಹಾಗೇ ನೆಲದ ಮೇಲೆ ಕೂತಳು. ಒಂದೂವರೆ ವರ್ಷ ಪ್ರತಿಯೊಂದು ದನಿಯನ್ನೂ ಹುಡುಕಿದವನಿಗೆ ಅಲ್ಲಿ ದನಿಯೇ ಇಲ್ಲವೆಂದು ಗೊತ್ತಾಗದಿರುತ್ತದೆಯೇ? ಅವಳು ಕೇಳಿದ್ದು ತನ್ನನ್ನೇ ಎಂದು ಅವನಿಗೆ ತಿಳಿದಿತ್ತು. ಅಷ್ಟು ಯೋಚಿಸುವ ತ್ರಾಣ ಶನಿವಾರ ಅವಳಲ್ಲಿರಲಿಲ್ಲ. ಉತ್ತರ ನೋಡಿದ ಮೇಲೂ ‘ಬರೀಬಾರ್ದಿತ್ತು’ ಅಂದಳೆಂದು ಅವನು ಎರಡು ದಿನ ಏನು ಅಂದುಕೊಂಡಿರಬೇಕು!

“ಅಕ್ಷರಾ ಸೊಟ್ಟ ಅದಾವ,” ಎಂದರು ಗೌರಾಬಾಯಿ, ಅವಳ ಮುಖವನ್ನೇ ನೋಡುತ್ತ. “ಹುಡುಗ ಹೆಂಗದಾನ?”

“ನಕ್ರೆ ಒಂದು ಕಣ್ಣು ಮುಚ್ಚೋಗತ್ತೆ ಅಮ್ಮಾ,” ಎಂದಳು ವಸಂತಾ. ಹೇಳುತ್ತ ಹೇಳುತ್ತ ಅಳುವೂ ನಗುವೂ ಒಟ್ಟಿಗೆ ಬಂದವು.

“ಮತ್ತ ಇಲ್ಲೇನ್ ಕುಂತಿ? ಏಳು, ಫೋನ್ ಹಚ್ಚು.”

ಮೊದಲು ವೇಣುಗೋಪಾಲನಿಗೆ ಹಚ್ಚಿದಳು. “ಪೇಪರ್ಸ್ ಕಳಿಸ್ಬೇಡಿ. ರಾಲಿಗೆ ಹೋಗ್ತೀನಿ.” ಅವನು ಗೊಣಗಿದ, ಕೊನೆಗೆ “ಲಕ್ಕಿ ಇದ್ದೀರಾ, ಇನ್ನೂ ಖಾಲಿ ಇದೆ,” ಎಂದ.

ಆಮೇಲೆ ಗುರುರಾಜನಿಗೆ. ನಾಲ್ಕು ಸಲ ರಿಂಗಾಯಿತು.

“ಹಲೋ,” ಎಂದ ಅವನು. ಎರಡು ದಿನದಿಂದ ನಿದ್ದೆಯಿಲ್ಲದವನ ದನಿ.

“ಗುರುರಾಜ್, ನಾನು. ಭಾನುವಾರ ಸುಳ್ಳು ಹೇಳಿದೆ. ಟೇಪ್ ಪೂರ್ತಿ ನೋಡಿರ್ಲಿಲ್ಲ.”



“ಈಗ ನೋಡಿದ್ರೇನ್ರಿ?”

“ಈಗ ನೋಡಿದೆ. ಮುಂದಿನ ತಿಂಗಳು ಒಂದನೇ ತಾರೀಕು ಬರ್ತೀನಿ. ತುಂಬಾ ಸುಸ್ತಾಗಿದೆ ಗುರುರಾಜ್. ಬಂದು ನಿಂತಿರ್ತೀರಾ?”

“ನಿಂತಿರ್ತೀನ್ರಿ,” ಎಂದ ಅವನು. “ಆ ಸ್ಟೇಷನ್ ಲೈನ್ ಇನ್ನೂ ತಗದಿಲ್ರಿ. ಕೈ ಬರಲಿಲ್ಲ. ಈಗ ಏನ್ ಮಾಡ್ಲಿ?”

ವಸಂತಾ ಗೋಡೆಗೆ ತಲೆಯಾನಿಸಿ ಕಣ್ಣು ಮುಚ್ಚಿದಳು. ಇವತ್ತು ಅಲ್ಲಿ ಅಂಕಿಗಳಿರಲಿಲ್ಲ.

“ಕ್ಲಬ್ಬಿನವರ ಕಾಪಿಯಿಂದ ತೆಗೆದುಬಿಡಿ,” ಎಂದಳು. “ನಮ್ಮದರಲ್ಲಿ ಇರ್ಲಿ.”