ಒಂದೇ ಗಿಳಿ, ಎರಡು ಹೆಸರು

ಒಂದೂರಲ್ಲಿ ಒಬ್ಬ ರಾಜ, ಇಬ್ಬರು ರಾಣಿಯರು, ಒಂದೇ ಗಿಳಿ. ಇಬ್ಬರೂ ಅದಕ್ಕೆ ಬೇರೆ ಬೇರೆ ಹೆಸರಿಟ್ಟಿದ್ದರು. ಸವತಿಯ ಗಿಳಿ ಎಂದುಕೊಂಡು ಹಿರಿಯಳು ರೆಕ್ಕೆ ಮುರಿದಳು. ಬೆಳಗ್ಗೆ ನೋಡಿದರೆ ತನ್ನದೂ ಹಾರಲಿಲ್ಲ!

ಅಜ್ಜಿಯ ಈ ಕತೆ ನನಗೆ ನೆನಪಾದದ್ದು ದೆಹಲಿ ಹತ್ತಿರದ ಮಾನೇಸರಿನ ಕಾರು ಕಾರ್ಖಾನೆಯಲ್ಲಿ. ಆಗ ಅಲ್ಲಿ ಕೋಡ್ ಬರೆಯುವ ಕಿರಣನ ಎದೆಯಿಂದ ಒಂದು ಮೊಳ ಮೇಲೆ ಎಂಜಿನ್ ಬ್ಲಾಕ್ ತೂಗುತ್ತಿತ್ತು.

ರೋಬೋ ಕೈ ಅದನ್ನು ಹಿಡಿದು ನಿಂತುಬಿಟ್ಟಿತ್ತು. ಕರೆಂಟ್ ತೆಗೆದರೆ ಹಿಡಿತ ಸಡಿಲ. ಕೆಳಗೆ ಬ್ಲಾಕ್ ಬಿಗಿಯುವ ಇಕ್ಕಳದಲ್ಲಿ ಅವನ ಕಾಲು ಸಿಕ್ಕಿತ್ತು; ಕೈ ಮೇಲೇಳದೆ ಅದು ಬಿಚ್ಚದು.

"ಇಂಚರಾ... ಬೇಗ!"

"ಉಸಿರು ಉಳಿಸ್ಕೋ."

ಬೇರೆಯವರು ಕೆಡಿಸಿದ ಕೋಡ್ ಸರಿಮಾಡುವುದು ನನ್ನ ಕಸುಬು. ಸುಸ್ತಿನ ಕಸುಬು. ಇವನ ಹೆಂಡತಿ ಧಾರಿಣಿಗೆ ಫೋನಿನಲ್ಲಿ ಮಾತು ಕೊಟ್ಟಿದ್ದೆ... ಹೊರಗೆ ತರುತ್ತೇನೆ ಎಂದು.

ಸೂಪರ್‌ವೈಸರ್ ಚಂದ್ರಪ್ಪನ ಹೆಬ್ಬೆರಳು 'ವಾಪಸ್' ಗುಂಡಿಯ ಮೇಲಿತ್ತು.

"ಚಲೋ ಮೇಡಂ, ಒತ್ತಿಬಿಡ್ಲಾ? ಕೈ ಮೇಲೆ ಹೋಗುತ್ತೆ."

"ಬೆರಳು ತೆಗೀರಿ!"

"ಅದ್ರಲ್ಲಿರೋದು ಕೈ ವಾಪಸ್ ಹೋಗೋ ಒರಿಜಿನಲ್ ದಾರಿ! ಇವ್ನು ಟೆಸ್ಟಿಗೆ ತಿದ್ದಿದ್ದು ಕಾಪೀನ."

"ಕಾಪಿ ಹೇಗೆ ಮಾಡ್ದೆ, ಕಿರಣ?"

"ಡ್ಯೂಪ್... ಅಂಕಿಗಳಿಗೆ ಯಾವಾಗ್ಲೂ ಹಾಗೇ ಮಾಡೋದು..."

ಲ್ಯಾಪ್‌ಟಾಪಿನಲ್ಲಿ ಅವನ ಕೋಡ್ ತೆರೆದೆ.

ರೋಬೋ ಕೈಯ ಈ ಕೋಡ್ ಭಾಷೆಯಲ್ಲಿ ಎಲ್ಲವೂ ಒಂದರ ಮೇಲೊಂದು ಪೇರಿಸಿದ ತಟ್ಟೆಗಳು. ಡ್ಯೂಪ್ ಎಂದರೆ ಮೇಲಿನ ತಟ್ಟೆ ಎರಡಾಗುತ್ತದೆ. ಅಂಕಿಗೆ ಅಷ್ಟು ಸಾಕು. ದಾರಿಯಂಥ, ಹೆಜ್ಜೆಗಳ ದೊಡ್ಡ ಪಟ್ಟಿಯಾದರೆ ತಟ್ಟೆಯಲ್ಲಿರುವುದು ಅದರ ವಿಳಾಸ ಮಾತ್ರ.

ವಿಳಾಸ ಎರಡು. ಮನೆ ಒಂದೇ!

"ನೀನು ತಿದ್ದಿದ್ದೇನು?"

"ಮೊದಲ ಹೆಜ್ಜೆ... ಮೇಲಿದ್ದದ್ದು ಕೆಳಗೆ."

ಚಂದ್ರಪ್ಪನ ಬೆರಳು ಸುಟ್ಟಂತೆ ಹಿಂದೆ ಸರಿಯಿತು.

'ಕೆಳಗೆ' ಅಳಿಸಿ 'ಮೇಲೆ' ಎಂದು ಬರೆದೆ. ಕಣ್ಣೆದುರೇ ಮತ್ತೆ 'ಕೆಳಗೆ' ಆಯಿತು! ಕಿರಣನ ಟೆಸ್ಟ್ ಪ್ರೋಗ್ರಾಂ ಹಿಂದೆ ಓಡುತ್ತಾ ಅದನ್ನು ಮತ್ತೆ ಮತ್ತೆ ತಿದ್ದುತ್ತಲೇ ಇತ್ತು. ಅದನ್ನು ನಿಲ್ಲಿಸಿದರೂ ಹಿಡಿತ ಹೋಗುತ್ತದೆ.

ಬ್ಲಾಕ್ ಒಂದಿಷ್ಟು ಜಾರಿತು. ಕಿರಣ ಕಣ್ಣು ಮುಚ್ಚಿದ.

ಕ್ಲೋನ್ ಮಾಡಿದೆ. ಈಗ ವಿಳಾಸವಲ್ಲ, ಪಟ್ಟಿಯೇ ನಕಲಾಗಿ ಬೇರೆಯಾಯಿತು. ತಿದ್ದಿದೆ.

ಮತ್ತೆ 'ಕೆಳಗೆ'!

"ಮೇಡಂ..."

"ಬಾಯ್ಮುಚ್ಚಿ."

ಹೊಸ ಪಂಜರ ಮಾಡಿದ್ದೆ, ಒಳಗೆ ಹಳೆಯ ಗಿಳಿಗಳೇ! ಪಟ್ಟಿಯೊಳಗಿನ ಹೆಜ್ಜೆಗಳೂ ವಿಳಾಸಗಳೇ, ಇನ್ನೂ ಎರಡೂ ಪಟ್ಟಿಗಳ ಪಾಲು. ಒಂದೊಂದು ಹೆಜ್ಜೆಯನ್ನೂ ಬೇರೆಬೇರೆ ಕ್ಲೋನ್ ಮಾಡಿದೆ. ತಿದ್ದಿದೆ. ಕಾದೆ.

'ಮೇಲೆ'... 'ಮೇಲೆ'ಯೇ ಉಳಿಯಿತು.

ಗುಂಡಿಗೆ ಆ ಹೊಸ ದಾರಿಯನ್ನು ಜೋಡಿಸಿದೆ.

"ಒತ್ತಿ."

ರೋಬೋ ಕೈ ನರಳಿತು. ಮೇಲೆದ್ದಿತು. ಚಂದ್ರಪ್ಪ ಇಕ್ಕಳ ಬಿಚ್ಚಿ, ಕಿರಣನ ಕಂಕುಳಿಗೆ ಕೈಹಾಕಿ ಹೊರಗೆಳೆದ.

ನೆಲದ ಮೇಲೆ ಕುಕ್ಕರಿಸಿ ಫೋನ್ ಮಾಡಿದೆ.

"ಹೊರಗೆ ಬಂದ, ಧಾರಿಣಿ. ಬೈಯೋದಿದ್ರೆ ನೋಡ್ಕೊಂಡು ಬೈಯಿ... ಇವನಿಗೆ ಕಾಪಿ ಇಲ್ಲ."